ಮಂಗಳವಾರ ಮುನಿಸಿಕೊಂಡ ಪ್ರಿಂಟರ್

ಮಂಗಳವಾರ ಕ್ಷೌರ ಮಾಡಿಸಿಕೊಳ್ಳಬಾರದು, ಉಗುರು ಕತ್ತರಿಸಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಮಂಗಳವಾರ ಪ್ರಿಂಟ್ ತೆಗೆಯಬಾರದು ಎಂದು ಮಾತ್ರ ಯಾವ ಪಂಚಾಂಗವೂ ಹೇಳಿಲ್ಲ. ಆದರೆ 2008–09ರ ಸುಮಾರಿಗೆ ಉಬುಂಟು ಲಿನಕ್ಸ್ ಬಳಸುತ್ತಿದ್ದ ಒಬ್ಬರ ಮನೆಯಲ್ಲಿ ಹಾಗೇ ಆಗುತ್ತಿತ್ತು. ಓಪನ್‌ಆಫೀಸ್‌ನಿಂದ ಕೊಟ್ಟ ಕಡತ ಸೋಮವಾರ ಅಚ್ಚಾಗುತ್ತಿತ್ತು, ಬುಧವಾರ ಅಚ್ಚಾಗುತ್ತಿತ್ತು, ಮಂಗಳವಾರ ಮಾತ್ರ ಹಾಳೆ ಹೊರಬರುತ್ತಿರಲಿಲ್ಲ. ಇದನ್ನು ಗಮನಿಸಿ ಹೇಳಿದ್ದು ಮನೆಯಾಕೆ. ಕೇಳಿದವರಿಗೆ ನಗು ಬರುವಂಥ ದೂರು. ಪರೀಕ್ಷಿಸಿ ನೋಡಿದರೆ ನಿಜ.

ಕಡತದ ತಲೆಭಾಗದಲ್ಲಿ ಅದು ಸಿದ್ಧವಾದ ವಾರ ಮತ್ತು ತಾರೀಕು ದಾಖಲಾಗಿರುತ್ತದೆ. ಪ್ರಿಂಟರಿಗೆ ಹೋಗುವ ದಾರಿಯಲ್ಲಿ ‘ಫೈಲ್’ ಎಂಬ ಪುಟ್ಟ ತಂತ್ರಾಂಶವೊಂದು ಕೂತಿತ್ತು. ಬಂದದ್ದರ ಮೊದಲ ಕೆಲವು ಅಕ್ಷರ ನೋಡಿ ಇದು ಚಿತ್ರ, ಇದು ಪೋಸ್ಟ್‌ಸ್ಕ್ರಿಪ್ಟ್, ಇದು ಇನ್ನೇನೋ ಎಂದು ಗುರುತು ಹೇಳುವುದು ಅದರ ಕೆಲಸ. ಅದರ ಪಟ್ಟಿಯಲ್ಲಿ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕಡತಗಳ ಗುರುತೂ ಸೇರಿತ್ತು. ಆ ಗುರುತು ಶುರುವಾಗುತ್ತಿದ್ದುದೇ ಒಂದು ಮಂಗಳವಾರದ ತಾರೀಕಿನಿಂದ. ಪಟ್ಟಿ ಬರೆಯುವಾಗ ಪದಗಳ ನಡುವಿನ ಖಾಲಿ ಜಾಗವನ್ನು ಸರಿಯಾಗಿ ನಮೂದಿಸದೆ ಹೋದದ್ದರಿಂದ ಇಡೀ ತಾರೀಕಿನ ಬದಲು ಟಿ-ಯು-ಇ ಎಂಬ ಮೂರು ಇಂಗ್ಲಿಷ್ ಅಕ್ಷರ ಕಂಡರೆ ಸಾಕು, ಕಡತಕ್ಕೆ ಎರ್ಲಾಂಗ್ ಎಂಬ ಮುದ್ರೆ ಬೀಳುತ್ತಿತ್ತು. ಪ್ರಿಂಟರಿನ ತಂತ್ರಾಂಶ ‘ಇದು ನನ್ನದಲ್ಲ’ ಎಂದು ಅದನ್ನು ಬದಿಗಿಡುತ್ತಿತ್ತು.

ಪ್ರಿಂಟರ್ ಸರಿಯಿತ್ತು, ಕಂಪ್ಯೂಟರ್ ಸರಿಯಿತ್ತು. ತಪ್ಪು ಇದ್ದದ್ದು ನಡುದಾರಿಯಲ್ಲಿ. ಲಿನಕ್ಸ್ ಕಂಪ್ಯೂಟರಿಗೆ ನೆಟ್‌ವರ್ಕ್ ಪ್ರಿಂಟರ್ ಜೋಡಿಸಲು ಹೊರಟು ಸೋತವರು ಮೊದಲು ಹೇಳುವ ಮಾತು ‘ಡ್ರೈವರ್ ಸಿಗುತ್ತಿಲ್ಲ’ ಎಂಬುದು. ಇಪ್ಪತ್ತು ವರ್ಷದ ಹಿಂದೆ ಆ ಮಾತಿನಲ್ಲಿ ಹುರುಳಿತ್ತು. ಈಗಿನ ಹೊಸ ಪ್ರಿಂಟರುಗಳ ಮಟ್ಟಿಗೆ ಅದು ಬಹುಪಾಲು ಸುಳ್ಳು ಆರೋಪ. ಎಡವುವ ಕಲ್ಲು ಹೆಚ್ಚಾಗಿ ವಿಳಾಸದಲ್ಲಿ, ಹೆಸರಿನಲ್ಲಿ, ನಿಂತುಹೋದ ಸರದಿಯಲ್ಲಿ, ಕೆಲವೊಮ್ಮೆ ಬರೀ ಹಾಳೆಯ ಅಳತೆಯಲ್ಲಿ ಇರುತ್ತದೆ.

ಹಳೆಯ ಆರೋಪ ಹುಟ್ಟಿದ್ದು ಹೇಗೆಂದು ನೋಡದೆ ಈಗಿನ ಸ್ಥಿತಿ ಅರ್ಥವಾಗುವುದಿಲ್ಲ. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಲೇಸರ್ ಪ್ರಿಂಟರ್ ಬಂತು. ಮಹಡಿಗಳಾಚೆ ಇದ್ದ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟ್ ಕೊಟ್ಟವರಿಗೆ ಗೊತ್ತೇ ಆಗುತ್ತಿರಲಿಲ್ಲ. ಹಿಂದಿನ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡೊಡನೆ ಕಾಯುತ್ತಿರುವವರ ಪರದೆಗೆ ಸುದ್ದಿ ಹೋಗುವಂತೆ ಮಾಡಿದ್ದ ರಿಚರ್ಡ್ ಸ್ಟಾಲ್ಮನ್, ಹೊಸದಕ್ಕೂ ಅದನ್ನೇ ಮಾಡಲು ಹೊರಟರು. ಮೂಲ ಸಂಕೇತ ಸಿಗಲಿಲ್ಲ. ಅದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಒಬ್ಬರ ಬಳಿ ಇದೆ ಎಂದು ತಿಳಿದು ಅಲ್ಲಿಗೇ ಹೋಗಿ ಕೇಳಿದರೆ, ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ ಎಂಬ ಉತ್ತರ ಬಂತು. 1983ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆ ಘೋಷಣೆಯಾದದ್ದರ ಹಿಂದೆ ಆ ಸಿಟ್ಟಿಗೂ ಪಾಲಿದೆ. ಮುಕ್ತ ತಂತ್ರಾಂಶ ಚಳವಳಿಗೆ ಕಿಡಿ ಹೊತ್ತಿಸಿದ್ದು ಒಂದು ನೆಟ್‌ವರ್ಕ್ ಪ್ರಿಂಟರ್. ಆ ಚಳವಳಿಯ ಮಾತು ಎಲ್ಲರಿಗಿಂತ ತಡವಾಗಿ ಕೇಳಿದ್ದೂ ಪ್ರಿಂಟರೇ.

ಮುಂದಿನ ಎರಡು ದಶಕ ಪ್ರಿಂಟರ್ ತಯಾರಕರು ಒಬ್ಬೊಬ್ಬರು ಒಂದೊಂದು ಭಾಷೆ ಹಿಡಿದರು. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಅರ್ಥವಾಗುವ ಪ್ರಿಂಟರ್ ದುಬಾರಿ. ಎಚ್‌ಪಿಯ ಪಿಸಿಎಲ್ ನಡುವಣ ದರ್ಜೆ. ಅಗ್ಗದ ಪ್ರಿಂಟರಿಗೆ ಸ್ವಂತ ಬುದ್ಧಿಯೇ ಇರಲಿಲ್ಲ. ಪುಟದ ಒಂದೊಂದು ಚುಕ್ಕಿಯನ್ನೂ ಕಂಪ್ಯೂಟರೇ ಲೆಕ್ಕ ಹಾಕಿ, ಆ ಕಂಪನಿಗೆ ಮಾತ್ರ ಗೊತ್ತಿರುವ ಒಳಭಾಷೆಯಲ್ಲಿ ಕಳಿಸಬೇಕಿತ್ತು. ಭಾರತದ ಜೆರಾಕ್ಸ್ ಅಂಗಡಿ, ವಕೀಲರ ಕಚೇರಿ, ಡಿಟಿಪಿ ಕೇಂದ್ರಗಳಲ್ಲಿ ಮನೆಮಾತಾದ ಕ್ಯಾನನ್ ಎಲ್‌ಬಿಪಿ 2900 ಮತ್ತು ಎಚ್‌ಪಿ ಲೇಸರ್‌ಜೆಟ್ 1020 ಎರಡೂ ಈ ಜಾತಿಯವೇ. ದುಡಿಮೆಯಲ್ಲಿ ಎತ್ತುಗಳು, ಮಾತಿನಲ್ಲಿ ಮೂಗರು. ಕ್ಯಾನನ್ ಲಿನಕ್ಸಿಗೆ ಡ್ರೈವರ್ ಕೊಟ್ಟಿತ್ತು. ಅದು ಬೇಡುತ್ತಿದ್ದ 32 ಬಿಟ್ ಕಾಲದ ಲೈಬ್ರರಿಗಳನ್ನು 64 ಬಿಟ್ ಯಂತ್ರದಲ್ಲಿ ಕೂರಿಸುವಷ್ಟರಲ್ಲಿ ಬಳಕೆದಾರ ಬೆವರುತ್ತಿದ್ದ. ಲೇಸರ್‌ಜೆಟ್ 1020ರ ಕತೆ ಇನ್ನೂ ಸ್ವಾರಸ್ಯದ್ದು. ತನ್ನನ್ನು ನಡೆಸುವ ಫರ್ಮ್‌ವೇರನ್ನು ಅದು ಒಳಗೆ ಇಟ್ಟುಕೊಳ್ಳುವುದೇ ಇಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರ್ ಅದಕ್ಕೆ ಹೊಸದಾಗಿ ಪಾಠ ಹೇಳಿಕೊಡಬೇಕು.

ಈ ಗುಣ ತಿಳಿಯದೆ ಅದನ್ನು ನೆಟ್‌ವರ್ಕಿಗೆ ಹಾಕಿ ಪೆಟ್ಟು ತಿಂದವರು ಬಹಳ. ರೂಟರಿನ ಹಿಂದೆ ಯುಎಸ್‌ಬಿ ಕಿಂಡಿ ಇದೆ, ಪ್ರಿಂಟರ್ ಅಲ್ಲಿಗೆ ಚುಚ್ಚಿದರೆ ಮನೆಗೆಲ್ಲ ಪ್ರಿಂಟರ್ ಆಯಿತು ಎಂದುಕೊಳ್ಳುತ್ತಾರೆ. ರೂಟರ್ ಬಂದ ದತ್ತಾಂಶವನ್ನು ಹಾಗ್ಹಾಗೇ ದಾಟಿಸುತ್ತದೆಯೇ ಹೊರತು ಫರ್ಮ್‌ವೇರ್ ಕಳಿಸಬೇಕೆಂಬ ಅರಿವು ಅದಕ್ಕಿಲ್ಲ. ಕಂಪ್ಯೂಟರಿನ ಪರದೆ ‘ಕಳಿಸಿದೆ, ಮುಗಿಯಿತು’ ಎನ್ನುತ್ತದೆ. ಪ್ರಿಂಟರ್ ಮಿಸುಕುವುದಿಲ್ಲ. ಇಲ್ಲಿ ಹೊಸ ಡ್ರೈವರ್ ಹುಡುಕಿದರೆ ಉಪಯೋಗವಿಲ್ಲ. ಸ್ವಿಚ್ ಹಾಕಿದ ಮೇಲೆ ಒಮ್ಮೆ ಫರ್ಮ್‌ವೇರ್ ಕಡತವನ್ನು ಅದೇ ದಾರಿಯಲ್ಲಿ ಕಳಿಸಿದರೆ ಎದ್ದು ಕೂರುತ್ತದೆ.

ದಾರಿಗಳೂ ಹಲವು. ಬರ್ಕ್ಲಿಯ ಯುನಿಕ್ಸ್ ಕಾಲದ ಎಲ್‌ಪಿಡಿ ಎಂಬ ಹಳೆಯ ಒಡಂಬಡಿಕೆ 1990ರಲ್ಲಿ ಬರಹಕ್ಕಿಳಿಯಿತು; ಅದರ ಬಾಗಿಲು 515ನೇ ಪೋರ್ಟ್. ಎಚ್‌ಪಿ 1991ರಲ್ಲಿ ಜೆಟ್‌ಡೈರೆಕ್ಟ್ ತಂದು 9100ನೇ ಪೋರ್ಟ್ ತೆರೆಯಿತು. ಈ ಬಾಗಿಲಿನಲ್ಲಿ ಮಾತುಕತೆ ಕಡಿಮೆ: ಸುರಿದದ್ದನ್ನು ಪ್ರಿಂಟರ್ ನುಂಗುತ್ತದೆ, ಅರ್ಥವಾದರೆ ಅಚ್ಚು, ಆಗದಿದ್ದರೆ ರಾಶಿ ರಾಶಿ ಹಾಳೆಯ ತುಂಬ ಚಿತ್ರವಿಚಿತ್ರ ಅಕ್ಷರ. ಮೂರನೆಯದು ಐಪಿಪಿ, ಅಂದರೆ ಇಂಟರ್ನೆಟ್ ಪ್ರಿಂಟಿಂಗ್ ಪ್ರೋಟೊಕಾಲ್. 1999ರಲ್ಲಿ ಮೊದಲ ಆವೃತ್ತಿ ಹೊರಬಂದ ಇದರ ಬಾಗಿಲು 631. ಇದರಲ್ಲಿ ಪ್ರಿಂಟರ್ ಬಾಯಿ ಬಿಡುತ್ತದೆ. ನಿನ್ನಲ್ಲಿ ಯಾವ ಅಳತೆಯ ಹಾಳೆ ಇದೆ, ಬಣ್ಣ ಇದೆಯೇ, ಎರಡೂ ಬದಿ ಅಚ್ಚು ಹಾಕುತ್ತೀಯಾ, ಪಿಡಿಎಫ್ ಓದಲು ಬರುತ್ತದೆಯೇ ಎಂದು ಕಂಪ್ಯೂಟರ್ ಕೇಳುತ್ತದೆ. ಪ್ರಿಂಟರ್ ಒಂದೊಂದಾಗಿ ಉತ್ತರ ಕೊಡುತ್ತದೆ. ಡ್ರೈವರ್ ಎಂಬ ದುಭಾಷಿಯ ಕೆಲಸ ಹೋದದ್ದು ಇಲ್ಲಿಂದಲೇ.

ಲಿನಕ್ಸಿನಲ್ಲಿ ಈ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಗುಮಾಸ್ತನ ಹೆಸರು ಕಪ್ಸ್. ಮೈಕಲ್ ಸ್ವೀಟ್ 1997ರಲ್ಲಿ ಬರೆಯತೊಡಗಿ 1999ರಲ್ಲಿ ಪರೀಕ್ಷಾ ಆವೃತ್ತಿ ಹೊರತಂದ ತಂತ್ರಾಂಶ ಇದು. 2002ರಲ್ಲಿ ಆಪಲ್ ಇದನ್ನು ಮ್ಯಾಕ್‌ನೊಳಗೆ ಸೇರಿಸಿಕೊಂಡಿತು. 2007ರಲ್ಲಿ ಸ್ವೀಟ್ ಅವರನ್ನು ಕೆಲಸಕ್ಕೆ ತೆಗೆದುಕೊಂಡು ಮೂಲ ಸಂಕೇತದ ಹಕ್ಕನ್ನೂ ಕೊಂಡುಕೊಂಡಿತು. ಮುಕ್ತ ತಂತ್ರಾಂಶದ ಒಂದು ಕಂಬ ಹನ್ನೆರಡು ವರ್ಷ ನಿಂತದ್ದು ಮುಚ್ಚಿದ ಅಂಗಳದಲ್ಲಿ. 2019ರ ಕೊನೆಗೆ ಸ್ವೀಟ್ ಆಪಲ್ ಬಿಟ್ಟರು. ಆ ಬಳಿಕ ಅಲ್ಲಿನ ಕೆಲಸ ಬಹುತೇಕ ನಿಂತಂತಾಗಿ, ಟಿಲ್ ಕಾಂಪೇಟರ್ ಮುಂದಾಳತ್ವದ ಓಪನ್‌ಪ್ರಿಂಟಿಂಗ್ ಬಳಗ 2020ರಲ್ಲಿ ಕವಲು ತೆಗೆದು ಸ್ವೀಟ್ ಅವರ ಜೊತೆಯಲ್ಲೇ ಕೆಲಸ ಮುಂದುವರಿಸಿತು. 2021ರ ನವೆಂಬರಿನಲ್ಲಿ ಬಂದ 2.4ನೇ ಆವೃತ್ತಿ ಈ ಬಳಗದ್ದೇ.

ಆಪಲ್‌ನಿಂದ ಇನ್ನೊಂದು ಉಪಕಾರವೂ ಆಯಿತು, ಅದು ಲಿನಕ್ಸಿಗೆಂದು ಮಾಡಿದ್ದಲ್ಲ. 2010ರ ನವೆಂಬರಿನಲ್ಲಿ ಐಫೋನ್, ಐಪ್ಯಾಡ್‌ಗಳಿಂದ ನೇರ ಅಚ್ಚು ಹಾಕಲು ಏರ್‌ಪ್ರಿಂಟ್ ಬಂತು. ಫೋನಿಗೆ ಸಿಡಿ ಹಾಕಿ ಡ್ರೈವರ್ ಕೂರಿಸಲಾಗುವುದಿಲ್ಲ. ಹಾಗಾಗಿ ಪ್ರಿಂಟರೇ ಎಲ್ಲರಿಗೂ ಅರ್ಥವಾಗುವ ಭಾಷೆ ಕಲಿಯಬೇಕಾಯಿತು, ಆ ಭಾಷೆಯ ಬೆನ್ನೆಲುಬು ಐಪಿಪಿ. 2013ರಲ್ಲಿ ಪ್ರಿಂಟರ್ ತಯಾರಕರ ಕೂಟ ಐಪಿಪಿ ಎವ್ರಿವೇರ್ ಎಂಬ ಮುಕ್ತ ಮಾನದಂಡಕ್ಕೆ ಒಪ್ಪಿಗೆ ಕೊಟ್ಟಿತು; ಅದೇ ವರ್ಷ ಆಂಡ್ರಾಯ್ಡ್ ಕಡೆಗೆ ಮೋಪ್ರಿಯ ಒಕ್ಕೂಟ ಹುಟ್ಟಿತು. ದಶಕಗಳ ಕಾಲ ಲಿನಕ್ಸ್ ಬಳಕೆದಾರರು ಬೇಡಿಕೊಂಡರೂ ಬಾಯಿ ಬಿಡದ ಕಂಪನಿಗಳು ಫೋನಿನ ಮಾರುಕಟ್ಟೆ ನೋಡಿ ಬಾಯಿ ಬಿಟ್ಟವು. ಇಂದು ವೈಫೈ ಪ್ರಿಂಟರ್ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯ ಎಂದು ಬರೆದಿದ್ದರೆ, ಲಿನಕ್ಸಿನ ಹೆಸರು ಎಲ್ಲೂ ಇರದಿದ್ದರೂ, ಬಹುತೇಕ ಡ್ರೈವರ್ ಇಲ್ಲದೆಯೇ ಅಚ್ಚು ಬರುತ್ತದೆ.

ಹೀಗಿದ್ದೂ ಜನ ಹಳೆಯ ಅಭ್ಯಾಸ ಬಿಟ್ಟಿಲ್ಲ. ಹೊಸ ಪ್ರಿಂಟರ್ ತಂದೊಡನೆ ಕಂಪನಿಯ ತಾಣದಿಂದ ಡ್ರೈವರ್ ಇಳಿಸುತ್ತಾರೆ. ಎಚ್‌ಪಿಯದಾದರೆ ಎಚ್‌ಪ್ಲಿಪ್; ಆ ಮಾದರಿಗೆ ಬೇಕಾದ ಆವೃತ್ತಿ ತಮ್ಮ ಉಬುಂಟುವಿನಲ್ಲಿಲ್ಲ ಎಂದು ತಿಳಿದು ಹೊರಗಿನಿಂದ ತಂದು ಕೂರಿಸಿ, ಇದ್ದ ವ್ಯವಸ್ಥೆಯನ್ನೂ ಕಲಕಿಬಿಡುತ್ತಾರೆ. ಅಷ್ಟರಲ್ಲಿ ಕಪ್ಸ್ ತಾನಾಗಿಯೇ ಪ್ರಿಂಟರನ್ನು ಗುರುತಿಸಿ ಪಟ್ಟಿಗೆ ಹಾಕಿರುತ್ತದೆ. ಪ್ರಿಂಟ್ ಕೊಡಲು ಹೋದರೆ ಒಂದೇ ಯಂತ್ರ ಮೂರು ಹೆಸರಿನಲ್ಲಿ ಕಾಣುತ್ತದೆ. ಮೂರರಲ್ಲಿ ಒಂದು ಕೆಲಸ ಮಾಡುತ್ತದೆ, ಯಾವುದೆಂದು ನೆನಪಿರುವುದಿಲ್ಲ. ಎಲ್ಲವನ್ನೂ ಅಳಿಸಿ, ತಾನಾಗಿ ಬಂದ ಹೆಸರನ್ನು ಮಾತ್ರ ಉಳಿಸಿಕೊಳ್ಳುವುದು ಅರ್ಧ ಮನೆಗಳಲ್ಲಿ ಪೂರ್ತಿ ಪರಿಹಾರ.

ತಾನಾಗಿ ಬರದಿದ್ದರೆ? ಆಗ ನೋಡಬೇಕಾದ್ದು ಪ್ರಿಂಟರ್ ತನ್ನ ಇರವನ್ನು ಸಾರುವ ಬಗೆಯನ್ನು. ನೆಟ್‌ವರ್ಕಿನ ಪ್ರಿಂಟರ್ ‘ನಾನಿಲ್ಲಿದ್ದೇನೆ, ನನ್ನ ಹೆಸರು ಇದು’ ಎಂದು ಆಗಾಗ ಡಂಗುರ ಹೊಡೆಯುತ್ತದೆ. ಎಂಡಿಎನ್‌ಎಸ್ ಎಂಬ ಈ ಪದ್ಧತಿ 5353ನೇ ಪೋರ್ಟಿನಲ್ಲಿ ನಡೆಯುತ್ತದೆ. ಲಿನಕ್ಸಿನಲ್ಲಿ ಅದಕ್ಕೆ ಕಿವಿಗೊಡುವ ತಂತ್ರಾಂಶದ ಹೆಸರು ಅವಾಹಿ. ಡಂಗುರ ಕೇಳದಿರಲು ನಾನಾ ಕಾರಣ. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಫೈರ್‌ವಾಲ್ ಆ ಪೋರ್ಟನ್ನು ಮುಚ್ಚಿಟ್ಟಿರುತ್ತದೆ. ಆರ್ಚ್‌ನಂಥದರಲ್ಲಿ ಕಪ್ಸ್, ಅವಾಹಿ ಮತ್ತು ಹೆಸರನ್ನು ವಿಳಾಸಕ್ಕೆ ತಿರುಗಿಸುವ ತುಣುಕು ಮೂರನ್ನೂ ಬಳಕೆದಾರನೇ ಕೂರಿಸಿ ಚಾಲೂ ಮಾಡಬೇಕು. ಮೂರನೆಯದನ್ನು ಮರೆತರೆ ಪ್ರಿಂಟರ್ ಪಟ್ಟಿಯಲ್ಲಿ ಕಾಣುತ್ತದೆ, ಪ್ರಿಂಟ್ ಮಾತ್ರ ಹೋಗುವುದಿಲ್ಲ. ಕಚೇರಿಯೇ ತನ್ನ ಒಳ ಹೆಸರುಗಳಿಗೆ ‘ಡಾಟ್ ಲೋಕಲ್’ ಬಾಲ ಇಟ್ಟುಕೊಂಡಿದ್ದರೆ, ಎಂಡಿಎನ್‌ಎಸ್‌ಗೂ ಅದೇ ಬಾಲವಿರುವುದರಿಂದ ಎರಡೂ ಒಂದಕ್ಕೊಂದು ತಗುಲಿಕೊಳ್ಳುತ್ತವೆ.

ಮನೆಗಳಲ್ಲಿ ಅಪರಾಧಿ ಹೆಚ್ಚಾಗಿ ರೂಟರ್. ಗೆಸ್ಟ್ ವೈಫೈ ಎಂದು ಬೇರೆ ಹೆಸರಿಟ್ಟ ಜಾಲಕ್ಕೆ ಲ್ಯಾಪ್‌ಟಾಪ್ ಸೇರಿಕೊಂಡಿದ್ದರೆ ಇಂಟರ್ನೆಟ್ ಚೆನ್ನಾಗಿ ಓಡುತ್ತದೆ, ಪಕ್ಕದ ಕೋಣೆಯ ಪ್ರಿಂಟರ್ ಮಾತ್ರ ಸಿಗುವುದಿಲ್ಲ. ಅತಿಥಿಗಳು ಮನೆಯ ಇತರ ಯಂತ್ರಗಳನ್ನು ಮುಟ್ಟದಿರಲಿ ಎಂದೇ ಮಾಡಿದ ಗೋಡೆ ಅದು. ಐಸೊಲೇಷನ್ ಎಂಬ ಗುಂಡಿ ಒತ್ತಿದ್ದರೆ ಮುಖ್ಯ ವೈಫೈನಲ್ಲೂ ಇದೇ ಪಾಡು. ಅಗ್ಗದ ಪ್ರಿಂಟರುಗಳಲ್ಲಿ ಎಷ್ಟೋ 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತವೆ, ಡಬ್ಲ್ಯುಪಿಎ 3 ಮಾತ್ರ ಎಂದು ಬಿಗಿ ಮಾಡಿದ ವೈಫೈಗೆ ಸೇರಲು ಒದ್ದಾಡುತ್ತವೆ. ಕಾಲೇಜುಗಳಲ್ಲಿ, ದೊಡ್ಡ ಕಚೇರಿಗಳಲ್ಲಿ ಬೇರೆ ತೊಡಕು. ಡಂಗುರದ ಸದ್ದು ಒಂದೇ ಜಾಲಭಾಗದೊಳಗೆ ಸುತ್ತುತ್ತದೆ, ರೂಟರ್ ದಾಟುವುದಿಲ್ಲ. ಪ್ರಿಂಟರ್ ಇನ್ನೊಂದು ಕಟ್ಟಡದ ಜಾಲದಲ್ಲಿದ್ದರೆ ಕಾದು ಕೂತು ಪ್ರಯೋಜನವಿಲ್ಲ; ಅದರ ಐಪಿ ವಿಳಾಸವನ್ನು ಕೈಯಾರೆ ಟೈಪಿಸಬೇಕು.

ಕೈಯಾರೆ ಟೈಪಿಸಿದ ವಿಳಾಸಕ್ಕೂ ಆಯುಸ್ಸು ಕಡಿಮೆ. ಗುಡುಗು ಮಳೆಗೆ ಕರೆಂಟ್ ಹೋಗಿ ಬಂದ ಮೇಲೆ ‘ನಿನ್ನೆ ಸರಿ ಇತ್ತು, ಇವತ್ತು ಇಲ್ಲ’ ಎನ್ನುವ ಪ್ರಿಂಟರುಗಳ ಗುಟ್ಟು ಇದು. ರೂಟರ್ ಎದ್ದೊಡನೆ ವಿಳಾಸಗಳನ್ನು ಹೊಸದಾಗಿ ಹಂಚುತ್ತದೆ. ನಿನ್ನೆ ಪ್ರಿಂಟರಿನದಾಗಿದ್ದ ವಿಳಾಸ ಇವತ್ತು ಮನೆಯ ಯಾರದೋ ಫೋನಿಗೆ ಹೋಗಿರುತ್ತದೆ, ಕಂಪ್ಯೂಟರ್ ಆ ಫೋನಿನ ಬಾಗಿಲು ಬಡಿಯುತ್ತ ಕೂತಿರುತ್ತದೆ. ರೂಟರಿನ ಒಳಪುಟದಲ್ಲಿ ಪ್ರಿಂಟರಿಗೆಂದೇ ಒಂದು ವಿಳಾಸ ಕಾದಿರಿಸುವುದು ಐದು ನಿಮಿಷದ ಕೆಲಸ. ಮಾಡುವವರು ಕಡಿಮೆ, ಪ್ರಿಂಟರನ್ನು ಬೈಯುವವರು ಹೆಚ್ಚು.

ಹಾಗಾದರೆ ತನಿಖೆ ಎಲ್ಲಿಂದ ಶುರುವಾಗಬೇಕು? ಅನುಭವಿಗಳು ಪ್ರಿಂಟರ್ ಕಡೆಯಿಂದ ಹಿಂದಕ್ಕೆ ನಡೆಯುತ್ತಾರೆ. ಪ್ರಿಂಟರಿನ ಪುಟ್ಟ ಪರದೆಯಲ್ಲೋ ಅದು ತಾನೇ ಮುದ್ರಿಸುವ ನೆಟ್‌ವರ್ಕ್ ವರದಿಯ ಹಾಳೆಯಲ್ಲೋ ಐಪಿ ವಿಳಾಸ ಓದಿಕೊಂಡು, ಅದನ್ನು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಹಾಕುತ್ತಾರೆ. ಇಂಕು ಎಷ್ಟಿದೆ, ಹಾಳೆ ಇದೆಯೇ ಎಂದು ತೋರಿಸುವ ಪುಟವೊಂದನ್ನು ಹೆಚ್ಚಿನ ಪ್ರಿಂಟರುಗಳು ತಾವೇ ಇಟ್ಟುಕೊಂಡಿರುತ್ತವೆ. ಅದು ತೆರೆದುಕೊಂಡರೆ ತಂತಿ, ವೈಫೈ, ರೂಟರ್ ಮೂರೂ ಆರೋಪಮುಕ್ತ. ತೆರೆಯದಿದ್ದರೆ ಲಿನಕ್ಸನ್ನು ಮುಟ್ಟುವ ಅಗತ್ಯವೇ ಇಲ್ಲ. ಒಂದೇ ಪುಟದಿಂದ ಅರ್ಧ ಊರು ಹುಡುಕುವುದು ತಪ್ಪುತ್ತದೆ.

ಮುಂದಿನ ನಿಲ್ದಾಣ ಕಪ್ಸ್. ತನ್ನದೇ ಕಂಪ್ಯೂಟರಿನ 631ನೇ ಪೋರ್ಟನ್ನು ಬ್ರೌಸರಿನಲ್ಲಿ ತೆರೆದರೆ ಅದರ ಆಡಳಿತ ಪುಟ ಬರುತ್ತದೆ. ಟರ್ಮಿನಲ್ ಒಗ್ಗಿದವರು ‘ಎಲ್‌ಪಿಸ್ಟ್ಯಾಟ್’ ಆದೇಶ ಕೊಟ್ಟು ಅದೇ ಸುದ್ದಿಯನ್ನು ಎರಡು ಸಾಲಿನಲ್ಲಿ ಪಡೆಯುತ್ತಾರೆ. ಇಲ್ಲಿ ಕಾಣುವ ಇಂಗ್ಲಿಷ್ ಸಂದೇಶಗಳನ್ನು ಜನ ಓದದೆ ದಾಟುತ್ತಾರೆ. ಇಡೀ ತನಿಖೆಯ ಕೀಲಿ ಇರುವುದು ಅಲ್ಲೇ. ‘ಅನೇಬಲ್ ಟು ಲೊಕೇಟ್ ಪ್ರಿಂಟರ್’ ಎಂದರೆ ಹೆಸರು ವಿಳಾಸವಾಗಿ ತಿರುಗಲಿಲ್ಲ ಎಂದರ್ಥ, ಅವಾಹಿಯನ್ನೋ ಜಾಲವನ್ನೋ ನೋಡಬೇಕು. ‘ಫಿಲ್ಟರ್ ಫೇಲ್ಡ್’ ಬಂದರೆ ಕಡತ ಕಂಪ್ಯೂಟರಿನಿಂದ ಹೊರಟೇ ಇಲ್ಲ; ಪ್ರಿಂಟರಿನ ಭಾಷೆಗೆ ತಿರುಗಿಸುವಾಗಲೇ ಬಿದ್ದಿದೆ. ಡ್ರೈವರ್ ಮೇಲೆ ಅನುಮಾನ ಪಡಬೇಕಾದ ಜಾಗ ಇದು, ಆ ಮಾತು ಸಲ್ಲುವುದು ಇಲ್ಲಿ. ‘ಹೆಲ್ಡ್ ಫಾರ್ ಅಥೆಂಟಿಕೇಷನ್’ ಎಂದರೆ ಹೆಸರು-ಪಾಸ್‌ವರ್ಡ್ ಕೇಳುತ್ತ ಕಾಯುತ್ತಿದೆ. ಮುಂದಿನ ಮೇಜಿನ ವಿಂಡೋಸ್ ಕಂಪ್ಯೂಟರಿಗೆ ಯುಎಸ್‌ಬಿ ಪ್ರಿಂಟರ್ ಜೋಡಿಸಿ ಹಂಚಿಕೊಳ್ಳುವ ನಮ್ಮ ಸಣ್ಣ ಕಚೇರಿಗಳಲ್ಲಿ ಸಾಂಬಾ ಎಂಬ ತಂತ್ರಾಂಶದ ಮೂಲಕ ಪ್ರಿಂಟ್ ಕೊಟ್ಟಾಗ ಇದೇ ಸಾಲು ಹೆಚ್ಚು ಕಾಣುತ್ತದೆ; ಕೇಳುವ ಕಿಟಕಿ ಬೇರೆ ಕಿಟಕಿಗಳ ಹಿಂದೆ ಅಡಗಿಕೊಂಡಿದ್ದು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ನಾಲ್ಕನೆಯ ಸ್ಥಿತಿಗೆ ಸಂದೇಶವೂ ಬೇಕಿಲ್ಲ: ಸರದಿ ನಿಂತುಹೋಗಿರುತ್ತದೆ. ಪ್ರಿಂಟರ್ ಆಫ್ ಆಗಿದ್ದಾಗ ಯಾರೋ ಪ್ರಿಂಟ್ ಕೊಟ್ಟಿರುತ್ತಾರೆ. ಕಪ್ಸ್ ಪ್ರಯತ್ನಿಸಿ ಸೋತು, ಕೆಲವು ವ್ಯವಸ್ಥೆಗಳಲ್ಲಿ ಆ ಪ್ರಿಂಟರಿನ ಬಾಗಿಲಿಗೆ ‘ಪಾಸ್ಡ್’ ಎಂಬ ಫಲಕ ತೂಗುಹಾಕುತ್ತದೆ. ಪ್ರಿಂಟರ್ ಮತ್ತೆ ಆನ್ ಆದರೂ ಫಲಕ ತಾನಾಗಿ ಇಳಿಯುವುದಿಲ್ಲ. ‘ರೆಸ್ಯೂಮ್’ ಒತ್ತಿದೊಡನೆ, ಸಿಟ್ಟಿಗೆದ್ದು ಹತ್ತು ಸಲ ಕೊಟ್ಟ ಅದೇ ಪುಟ ಹತ್ತು ಪ್ರತಿಯಾಗಿ ಹೊರಬರುತ್ತದೆ.

ಹಾಳೆಯ ಅಳತೆಯ ಪ್ರಕರಣ ಬೇರೆಯೇ ಬಗೆಯದು. ಲಿನಕ್ಸ್ ಕೂರಿಸುವಾಗ ಭಾಷೆಯ ಪಟ್ಟಿಯಲ್ಲಿ ಮೊದಲು ಕಂಡ ‘ಇಂಗ್ಲಿಷ್, ಯುನೈಟೆಡ್ ಸ್ಟೇಟ್ಸ್’ ಆರಿಸಿಕೊಂಡವರಿಗೆ ಅಮೆರಿಕದ ಲೆಟರ್ ಅಳತೆಯೂ ಜೊತೆಗೆ ಬರುತ್ತದೆ. ಅಲ್ಲಿನ ಲೆಟರ್ ಹಾಳೆ ನಮ್ಮ ಎ4ಗಿಂತ ಸ್ವಲ್ಪ ಅಗಲ, ಸ್ವಲ್ಪ ಗಿಡ್ಡ. ಟ್ರೇ ತುಂಬ ಎ4 ಇದ್ದರೂ ಪ್ರಿಂಟರ್ ಲೆಟರ್ ಹಾಳೆಗಾಗಿ ಕೆಂಪು ದೀಪ ಮಿನುಗಿಸುತ್ತ ನಿಲ್ಲುತ್ತದೆ, ಬಳಕೆದಾರ ನೆಟ್‌ವರ್ಕ್ ತಡಕುತ್ತಾನೆ. 1999ರ ‘ಆಫೀಸ್ ಸ್ಪೇಸ್’ ಚಿತ್ರದಲ್ಲಿ ನೌಕರನೊಬ್ಬನಿಗೆ ತಲೆ ಕೆಡಿಸುವ ‘ಪಿಸಿ ಲೋಡ್ ಲೆಟರ್’ ಸಂದೇಶವೂ ಇದರ ಅಣ್ಣನೇ. ಪಿಸಿ ಎಂದರೆ ಪೇಪರ್ ಕ್ಯಾಸೆಟ್, ಅದಕ್ಕೆ ಲೆಟರ್ ಹಾಳೆ ತುಂಬು ಎಂದು ಯಂತ್ರ ಹೇಳುತ್ತಿತ್ತು, ಅಷ್ಟೆ.

ಕರ್ನಾಟಕದ ಮಟ್ಟಿಗೆ ಇದು ಹವ್ಯಾಸಿಗಳ ಗೊಣಗಾಟವಾಗಿ ಉಳಿದಿಲ್ಲ. ದೇಶದ ಇ-ಕೋರ್ಟ್ಸ್ ಯೋಜನೆ ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಿಗೆ ಉಬುಂಟು ಆರಿಸಿಕೊಂಡಿತು, ನ್ಯಾಯಾಧೀಶರಿಗೂ ಸಿಬ್ಬಂದಿಗೂ ತರಬೇತಿ ಕೊಡಿಸಿತು. ಅಂಥ ಕಡೆ ಆದೇಶದ ಪ್ರತಿ ಕಾಗದಕ್ಕಿಳಿಯುವುದು ಕಪ್ಸ್ ಮೂಲಕ. ಲೀಗಲ್ ಅಳತೆ, ಎ4 ಎಂಬ ತಾಕಲಾಟ ಅಲ್ಲಿ ದಿನನಿತ್ಯದ ಮಾತು.

ಕನ್ನಡ ಅಚ್ಚು ಹಾಕುವಾಗ ಇನ್ನೊಂದು ಸಂಗತಿ ಎದುರಾಗುತ್ತದೆ. ಲಿಬ್ರೆಆಫೀಸ್‌ನಿಂದಲೋ ಬ್ರೌಸರಿನಿಂದಲೋ ಕೊಟ್ಟ ಕನ್ನಡ ಪುಟ ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಅಕ್ಷರಗಳು ಒತ್ತು-ಕೊಂಬುಗಳ ಸಮೇತ ಪಿಡಿಎಫ್‌ನೊಳಗೆ ಕೂತುಬಿಟ್ಟಿರುತ್ತವೆ, ಪ್ರಿಂಟರಿಗೆ ಕನ್ನಡ ಬರಬೇಕೆಂದಿಲ್ಲ. ಆದರೆ ಬರೀ ಪಠ್ಯದ ಕಡತವೊಂದನ್ನು ಟರ್ಮಿನಲ್‌ನಿಂದ ನೇರ ‘ಎಲ್‌ಪಿ’ ಆದೇಶಕ್ಕೆ ಕೊಟ್ಟರೆ ಕತೆ ಬೇರೆ. ಕಪ್ಸ್ ಜೊತೆ ಬರುವ ಸರಳ ಪಠ್ಯ ಪರಿವರ್ತಕ ಒಂದಕ್ಷರ ಒಂದು ಚೌಕ ಎಂಬ ಲೆಕ್ಕದ್ದು. ‘ರಾಷ್ಟ್ರ’ದಂಥ ಪದದಲ್ಲಿ ಒತ್ತುಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ಬೀಳುತ್ತವೆ, ಇಲ್ಲವೇ ಪುಟದ ತುಂಬ ಖಾಲಿ ಪೆಟ್ಟಿಗೆ. ಪ್ಯಾಂಗೊ ಎಂಬ ಅಕ್ಷರಜೋಡಣೆಯ ಲೈಬ್ರರಿ ಬಳಸುವ ‘ಪ್ಯಾಪ್ಸ್’ ಎಂಬ ಸಣ್ಣ ಸಾಧನ ಇಲ್ಲಿ ನೆರವಿಗೆ ಬರುತ್ತದೆ. ಜೊತೆಗೆ ಲೋಹಿತ್, ಗುಬ್ಬಿ, ನವಿಲು, ನೋಟೋ ಮೊದಲಾದ ಯುನಿಕೋಡ್ ಅಕ್ಷರಗಳಲ್ಲಿ ಒಂದಾದರೂ ಕಂಪ್ಯೂಟರಿನಲ್ಲಿರಬೇಕು. ಈ ತಪ್ಪಿಗೂ ನೆಟ್‌ವರ್ಕಿಗೂ ಸಂಬಂಧವಿಲ್ಲ. ಆದರೂ ‘ಪ್ರಿಂಟರಿಗೆ ಕನ್ನಡ ಡ್ರೈವರ್ ಬೇಕು’ ಎಂದು ಹುಡುಕುವವರಿದ್ದಾರೆ.

ಡಂಗುರದ ಪದ್ಧತಿ ಕೊಟ್ಟ ಸಲೀಸಿಗೆ ತೆರಬೇಕಾದ ಬೆಲೆ 2024ರ ಸೆಪ್ಟೆಂಬರಿನಲ್ಲಿ ಬಯಲಾಯಿತು. ಇಟಲಿಯ ಭದ್ರತಾ ಸಂಶೋಧಕ ಸಿಮೋನೆ ಮಾರ್ಗರಿತೆಲ್ಲಿ ಕಪ್ಸ್ ಬಳಗದ ತಂತ್ರಾಂಶಗಳಲ್ಲಿ ನಾಲ್ಕು ದೋಷ ತೋರಿಸಿದರು. ನೆಟ್‌ವರ್ಕಿನ ಪ್ರಿಂಟರುಗಳನ್ನು ತಾನಾಗಿ ಪಟ್ಟಿಗೆ ಸೇರಿಸುವ ಕಪ್ಸ್-ಬ್ರೌಸ್ಡ್ ಎಂಬ ಸೇವಕ 631ನೇ ಯುಡಿಪಿ ಪೋರ್ಟಿನಲ್ಲಿ ಯಾರು ಕೂಗಿದರೂ ನಂಬುತ್ತಿದ್ದ. ದುರುಳನೊಬ್ಬ ‘ನಾನೂ ಪ್ರಿಂಟರ್’ ಎಂದು ಕೂಗಿ ಪಟ್ಟಿಯೊಳಗೆ ನುಸುಳಬಹುದಿತ್ತು. ಬಳಕೆದಾರ ಆ ಸುಳ್ಳು ಪ್ರಿಂಟರಿಗೆ ಒಂದು ಕಡತ ಕೊಟ್ಟರೆ ಸಾಕು, ದುರುಳನ ಆದೇಶ ಕಂಪ್ಯೂಟರಿನಲ್ಲಿ ಓಡುತ್ತಿತ್ತು. ಸುದ್ದಿ ಮೊದಲು ಹಬ್ಬಿದಾಗ ಲಿನಕ್ಸ್ ಲೋಕವೇ ಮುಳುಗಿತೆಂಬ ಗದ್ದಲವೆದ್ದಿತು. ಪ್ರಿಂಟ್ ಕೊಡುವವರಿಲ್ಲದ ಸರ್ವರುಗಳಲ್ಲಿ ಅಪಾಯ ಅಷ್ಟಿರಲಿಲ್ಲ. ಆದರೂ ಎಚ್ಚರಿಕೆ ಸುಳ್ಳಾಗಿರಲಿಲ್ಲ. ಕಪ್ಸ್-ಬ್ರೌಸ್ಡ್ ನಿಲ್ಲಿಸಿ ಎಂದು ವಿತರಣೆಗಳು ಸಲಹೆ ಕೊಟ್ಟವು. ನಿಲ್ಲಿಸಿದವರಲ್ಲಿ ಅನೇಕರಿಗೆ ಏನೂ ಕಳೆದುಹೋಗಲಿಲ್ಲ; ಈಚಿನ ಕಪ್ಸ್‌ಗೆ ಐಪಿಪಿ ಪ್ರಿಂಟರುಗಳನ್ನು ಅವಾಹಿಯ ಮೂಲಕ ತಾನೇ ಕಾಣುವ ಶಕ್ತಿ ಇದೆ.

ಡ್ರೈವರ್ ಯುಗ ಮುಗಿಯುತ್ತಿರುವುದು ಲಿನಕ್ಸಿನಲ್ಲಿ ಮಾತ್ರವಲ್ಲ. ಪ್ರಿಂಟ್‌ನೈಟ್‌ಮೇರ್ ಎಂಬ ದೋಷದಿಂದ 2021ರಲ್ಲಿ ಕೈ ಸುಟ್ಟುಕೊಂಡ ಮೈಕ್ರೋಸಾಫ್ಟ್, ಪ್ರಿಂಟರ್ ಕಂಪನಿಗಳ ಡ್ರೈವರುಗಳಿಗೆ ವಿಂಡೋಸ್‌ನಲ್ಲಿ ಹಂತಹಂತವಾಗಿ ಬಾಗಿಲು ಮುಚ್ಚುವುದಾಗಿ 2023ರಲ್ಲಿ ಸಾರಿತು. ಅದೂ ಹೊರಟಿರುವುದು ಐಪಿಪಿ ಕಡೆಗೇ. ಸ್ಕ್ಯಾನರಿಗೂ ಅದೇ ಗತಿ ಬಂದಿದೆ. ಸೇನ್-ಏರ್‌ಸ್ಕ್ಯಾನ್ ಎಂಬ ತಂತ್ರಾಂಶ ಇದ್ದರೆ ಲಿನಕ್ಸಿನಲ್ಲಿ ಆಲ್-ಇನ್-ಒನ್ ಯಂತ್ರಗಳ ಸ್ಕ್ಯಾನರ್ ಕೂಡ ಬಹಳ ಸಲ ಡ್ರೈವರ್ ಕೇಳದೆ ಕೆಲಸ ಮಾಡುತ್ತದೆ.

ಉಳಿದಿರುವ ಪ್ರಶ್ನೆ ಹಳೆಯ ಯಂತ್ರಗಳದ್ದು. ಟರ್ಮಿನಲ್‌ನಲ್ಲಿ ಡ್ರೈವರ್ ಸಮೇತ ಪ್ರಿಂಟರ್ ಸೇರಿಸಿದರೆ ಕಪ್ಸ್ ಈಗಲೇ ಒಂದು ಎಚ್ಚರಿಕೆಯ ಸಾಲು ಮುದ್ರಿಸುತ್ತದೆ: ಪ್ರಿಂಟರ್ ಡ್ರೈವರುಗಳ ಕಾಲ ಮುಗಿಯುತ್ತಿದೆ, ಮುಂದಿನ ಆವೃತ್ತಿಯೊಂದರಲ್ಲಿ ಇವು ಕೆಲಸ ಮಾಡುವುದಿಲ್ಲ ಎಂದು. ಸಾಲು ಓದಿ ಗಾಬರಿಯಾದವರುಂಟು. ಅದು ಮುಂದಿನ ಮಾತು, ಇಂದಿನ ಪ್ರಿಂಟ್ ಹೊರಬರುತ್ತದೆ. ತಯಾರಾಗುತ್ತಿರುವ ಕಪ್ಸ್ 3ರಲ್ಲಿ ಹಳೆಯ ಡ್ರೈವರಿಗೆ ನೇರ ಪ್ರವೇಶವಿಲ್ಲ. ಬದಲಿಗೆ ಪ್ರಿಂಟರ್ ಅಪ್ಲಿಕೇಷನ್ ಎಂಬ ಏರ್ಪಾಡು: ಹಳೆಯ ಡ್ರೈವರನ್ನು ಹೊಟ್ಟೆಯೊಳಗಿಟ್ಟುಕೊಂಡು ಹೊರಗಿನವರಿಗೆ ಹೊಸ ಐಪಿಪಿ ಪ್ರಿಂಟರಿನಂತೆ ಕಾಣುವ ತಂತ್ರಾಂಶ. ಇದನ್ನು ಕಟ್ಟಲು ಬೇಕಾದ ಪ್ಯಾಪಲ್ ಎಂಬ ಚೌಕಟ್ಟನ್ನೂ ಮೈಕಲ್ ಸ್ವೀಟ್ ಅವರೇ ಬರೆದಿದ್ದಾರೆ.

ಈ ಉಪಾಯದ ಹಳ್ಳಿ ಆವೃತ್ತಿಯೊಂದು ಈಗಾಗಲೇ ಎಷ್ಟೋ ಮೇಜುಗಳ ಕೆಳಗೆ ನಡೆಯುತ್ತಿದೆ. ಅಂಗೈಯಗಲದ ರಾಸ್ಪ್‌ಬೆರಿ ಪೈ, ಅದರಲ್ಲಿ ಕಪ್ಸ್, ಅದಕ್ಕೆ ಯುಎಸ್‌ಬಿ ತಂತಿಯಲ್ಲಿ ಒಂದು ಹಳೆಯ ಲೇಸರ್‌ಜೆಟ್ 1020. ಕಂಪನಿಗಳು ಇಂಟೆಲ್ ಯಂತ್ರಗಳಿಗೆಂದು ಮಾತ್ರ ಕೊಟ್ಟ ಮುಚ್ಚಿದ ಡ್ರೈವರುಗಳು ಈ ಪುಟ್ಟ ಯಂತ್ರದ ಆರ್ಮ್ ಚಿಪ್‌ನಲ್ಲಿ ಓಡುವುದಿಲ್ಲ. ಆದರೆ 1020ಕ್ಕೆ ರಿಕ್ ರಿಚರ್ಡ್‌ಸನ್ ಬರೆದ ಮುಕ್ತ ಡ್ರೈವರ್ ಇದೆ, ಅದರ ಮೂಲ ಸಂಕೇತವನ್ನು ಯಾವ ಚಿಪ್ಪಿಗಾದರೂ ಹೊಂದಿಸಿಕೊಳ್ಳಬಹುದು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಸ್ವಿಚ್ ಹಾಕಿದೊಡನೆ ಪೈ ಪ್ರಿಂಟರಿಗೆ ಫರ್ಮ್‌ವೇರ್ ಉಣಿಸುತ್ತದೆ. ಪ್ರಿಂಟರ್ ಒಮ್ಮೆ ಗುರ್ ಎಂದು ಸುಮ್ಮನಾಗುತ್ತದೆ. ಗಿರಾಕಿಯ ಫೋನಿನ ಪಟ್ಟಿಯಲ್ಲಿ ಅದು ಏರ್‌ಪ್ರಿಂಟ್ ಯಂತ್ರವೆಂದು ಕಾಣಿಸಿಕೊಳ್ಳುತ್ತದೆ.